ಕೂಸಿನ ಫೋಟೋದ ಬಸಲಿಂಗಪ್ಪ

ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ತರಕಾರಿ ಗಾಡಿಗಳನ್ನು ದಾಟಿದರೆ, ಈಗ ಮೊಬೈಲ್ ಕವರು ಮಾರುವ ಅಂಗಡಿ ಇದೆಯಲ್ಲ, ಅಲ್ಲಿ ಒಂದು ಕಾಲಕ್ಕೆ ಬಸಲಿಂಗಪ್ಪನ ಫೋಟೋ ಸ್ಟುಡಿಯೋ ಇತ್ತು. ಹೊಸದಾಗಿ ಮದುವೆಯಾದ ಜೋಡಿ, ನೌಕರಿಯ ಅರ್ಜಿಗೆ ಪಾಸ್‌ಪೋರ್ಟ್ ಸೈಜು ಬೇಕಾದವರು, ಊರಿಗೆ ಕಳಿಸಲಿಕ್ಕೆಂದು ಸ್ಟುಡಿಯೋದ ಕೋಟು ತೊಟ್ಟು ನಿಲ್ಲುವ ಹೋಟೆಲ್ ಮಾಣಿಗಳು, ಎಲ್ಲರೂ ಬರುತ್ತಿದ್ದರು. ಆದರೆ ಬಸಲಿಂಗಪ್ಪನ ಹೆಸರು ನಡೆದದ್ದು ಕೂಸಿನ ಫೋಟೋದಿಂದ. ಇನ್ನೂ ನೆಟ್ಟಗೆ ಕೂರಲು ಬಾರದ ಕೂಸನ್ನು ಮಖಮಲ್ಲಿನ ಸ್ಟೂಲಿನ ಮೇಲೆ ಒಂಟಿಯಾಗಿ, ಗದ್ದುಗೆ ಏರಿದ ಸ್ವಾಮಿಗಳ ಹಾಗೆ ಕೂರಿಸಿ ತೆಗೆದ ಫೋಟೋ. ಡೊಂಬಿವಲಿಯಿಂದ, ಅಂಬರನಾಥದಿಂದ, ಠಾಣೆಯಿಂದ ತಾಯಂದಿರು ಲೋಕಲ್ ಹಿಡಿದು ಬರುತ್ತಿದ್ದರು. ಬೇರೆ ಸ್ಟುಡಿಯೋದಲ್ಲಿ ಅಳುವ ಕೂಸು ಬಸಲಿಂಗಪ್ಪನ ಸ್ಟುಡಿಯೋದಲ್ಲಿ ನಗುತ್ತದೆ ಎಂಬ ಮಾತು ಆ ರೈಲು ಮಾರ್ಗದ ಚಾಳುಗಳಲ್ಲೆಲ್ಲ ಹಬ್ಬಿತ್ತು.

ಆ ಫೋಟೋಗಳಲ್ಲಿ ಒಂದು ವಿಚಿತ್ರವಿತ್ತು. ಕೂಸು ಎಂದೂ ನಟ್ಟನಡುವೆ ಇರುತ್ತಿರಲಿಲ್ಲ. ಬಲಗಡೆಯ ಅಂಚಿಗೆ ಒತ್ತರಿಸಿಕೊಂಡು ಕೂತಿರುತ್ತಿತ್ತು. ಎಡಗಡೆ ಅರ್ಧ ಫೋಟೋ ಬರೀ ಪರದೆ, ಅದರ ಮೇಲೆ ಬಣ್ಣದಲ್ಲಿ ಬರೆದ ಕೊಳ ಮತ್ತು ಕೊಕ್ಕರೆಯೋ ಹಂಸವೋ ಬರೆದವನಿಗೇ ಗೊತ್ತಿರದ ಒಂದು ಹಕ್ಕಿ. ಜನ ಅದನ್ನು ಸ್ಟೈಲ್ ಅಂದುಕೊಂಡರು. ಎದುರು ಸಾಲಿನ ಸ್ಟುಡಿಯೋದವನು ಅದನ್ನೇ ಕಾಪಿ ಹೊಡೆದು, ತನ್ನ ಗಿರಾಕಿಗಳ ಕೂಸುಗಳನ್ನೂ ಬಲಕ್ಕೆ ತಳ್ಳತೊಡಗಿದ. ಪಾಪ, ಅವನಿಗೆ ಒಳಗುಟ್ಟು ಗೊತ್ತಿರಲಿಲ್ಲ.

ಒಳಗುಟ್ಟು ಇಷ್ಟೇ. ಕೂಸನ್ನು ತಾಯಿಯೇ ಹಿಡಿದರೆ ಫೋಟೋ ಆಗುವುದಿಲ್ಲ. ತಾಯಿ ಕೈಗೆಟುಕುವಷ್ಟು ಹತ್ತಿರ ಇದ್ದರೆ ಅದು ಹೊರಳಿ ಎತ್ತಿಕೋ ಎಂದು ರಂಪ ಮಾಡುತ್ತದೆ. ಆದ್ದರಿಂದ ತಾಯಿ ಕ್ಯಾಮೆರಾದ ಪಕ್ಕ ನಿಂತು ಚಿಟಿಕೆ ಹೊಡೆಯಬೇಕು. ಕೂಸನ್ನು ಹಿಡಿಯಲು ಬೇರೊಂದು ಕೈ ಬೇಕು. ಆ ಕೈ ಬಸಲಿಂಗಪ್ಪನ ಹೆಂಡತಿ ಈರವ್ವಳದು. ಪರದೆಯ ಬಲಗಡೆ ಒಂದು ಸೀಳು ಮಾಡಿದ್ದರು. ಈರವ್ವ ಅದರ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಕೈಯೊಂದನ್ನೇ ಹೊರಗೆ ಚಾಚಿ ಕೂಸಿಗೆ ಆನಿಕೆ ಕೊಡುತ್ತಿದ್ದಳು. ಫೋಟೋ ತೊಳೆದು ಒಣಗಿದ ಮೇಲೆ ಬಸಲಿಂಗಪ್ಪ ಕಟರ್ ಹಿಡಿದು ಬಲಗಡೆಯನ್ನು ಕತ್ತರಿಸಿ ಎಸೆಯುತ್ತಿದ್ದ. ಕೈ ಕಸದ ಡಬ್ಬಿಗೆ ಹೋಗಿ, ಕೂಸು ಒಂಟಿಯಾಗಿ ಉಳಿಯುತ್ತಿತ್ತು.

ಕತ್ತರಿಸಲೇಬೇಕು ಎಂದು ಹಟ ಹಿಡಿದವಳೂ ಈರವ್ವಳೇ. ಗಿರಾಕಿಯ ಕೈಗೆ ಹೋಗುವ ಮುಂಚೆ ಪ್ರತಿಯೊಂದು ಫೋಟೋಕ್ಕೂ ಅವಳ ತಪಾಸಣೆಯಾಗಬೇಕು. ಒಂದು ಬಳೆಯ ಚೂರು ಕಂಡರೂ "ಇದೇನ್ರಿ ಇದು? ಕಣ್ಣು ಕಾಣೂದಿಲ್ಲೇನು?" ಎಂದು ಅವನ ಮೇಜಿನ ಮೇಲೆ ವಾಪಸ್ಸು ಬಂದು ಬೀಳುತ್ತಿತ್ತು.

ಏಕೆಂದರೆ ಈರವ್ವಳಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಫೋಟೋದವನ ಹೆಂಡತಿಗೆ ಫೋಟೋ ಆಗದಿರುವುದೆಂದರೆ ಮಿಠಾಯಿ ಅಂಗಡಿಯವನಿಗೆ ಸಕ್ಕರೆ ಕಾಯಿಲೆ ಬಂದ ಹಾಗೆ. ಹುನಗುಂದದ ಕಡೆಯ ಹಳ್ಳಿಯಿಂದ ಅವಳು ಮದುವೆಯಾಗಿ ಕಲ್ಯಾಣಕ್ಕೆ ಬಂದ ಹೊಸತರಲ್ಲಿ, ಬಸಲಿಂಗಪ್ಪ ಒಂದು ದಿನ ಸ್ಟುಡಿಯೋದ ಬಾಗಿಲು ಮುಂದೆ ಮಾಡಿ, ದೀಪಗಳನ್ನೆಲ್ಲ ಹಚ್ಚಿ, ಇಳಕಲ್ ಸೀರೆಯುಟ್ಟ ಹೊಸ ಹೆಂಡತಿಯನ್ನು ಬಹಳ ಆಸೆಯಿಂದ ಸ್ಟೂಲಿನ ಮೇಲೆ ಕೂರಿಸಿದ್ದ. ಇತ್ತ ನೋಡು ಅಂದದ್ದೇ ತಡ, ಅವಳು ಎದ್ದು ನಿಂತಳು.

"ನಮ್ಮವ್ವಂದು ಒಂದ ಫೋಟೋ ಐತ್ರಿ," ಅಂದಳು. "ಆಕಿ ಸತ್ತಾಗ ತಗದದ್ದು. ಗ್ವಾಡಿಗೆ ಆನಿಸಿ ಕೂಡಿಸಿ, ಹಣಿಗೆ ಇಬತ್ತಿ ಹಚ್ಚಿ, ಹೂವಿನ ಮಾಲಿ ಹಾಕಿ, ಸುತ್ತಲೂ ನಮ್ಮನ್ನೆಲ್ಲ ನಿಂದರಿಸಿ ತಗದ್ರು. ಆಮ್ಯಾಲ ಅದಕ್ಕ ಕಟ್ಟು ಹಾಕಿಸಿ ಪಡಸಾಲ್ಯಾಗ ತೂಗಬಿಟ್ರು. ದಿನಾ ಅದನ್ನ ನೋಡಿ ನೋಡಿ, ನಮ್ಮವ್ವ ಜೀವಂತ ಇದ್ದಾಗ ಹೆಂಗಿದ್ದಳು ಅನ್ನೂದ ಮರತು ಹೋತು. ಈಗ ಕಣ್ಣು ಮುಚ್ಚಿದರ ಬರೂದು ಆ ಹೆಣದ ಮಾರಿ. ನನ್ನ ಫೋಟೋ ತಗೀಬ್ಯಾಡ್ರಿ. ಇದ್ದಾಗೂ ಬ್ಯಾಡ, ಸತ್ತಾಗೂ ಬ್ಯಾಡ."

ಅವರ ಕಡೆಯ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮಣ್ಣು ಮಾಡುವುದೂ ಕೂರಿಸಿಯೇ. ಬದುಕಿದ್ದಾಗ ಫೋಟೋಕ್ಕೆ ಪುರುಸೊತ್ತಿಲ್ಲದ ಜನ, ಆ ಒಂದು ದಿನ ಮಾತ್ರ ಫೋಟೋದವನನ್ನು ಕರೆಸುತ್ತಿದ್ದರು. ಅಂಥ ಫೋಟೋಗಳನ್ನು ಬಸಲಿಂಗಪ್ಪನೂ ತೆಗೆದವನೇ. ಅದನ್ನು ಮನೆಯ ಕೂಸು ದಿನಾ ನೋಡುತ್ತ ಬೆಳೆದರೆ ಏನಾದೀತು ಎಂದು ಅವನು ಯೋಚಿಸಿರಲಿಲ್ಲ. ಕೊರಳಲ್ಲಿದ್ದ ಲಿಂಗವನ್ನು ಮುಟ್ಟಿ ಅವನು ಮಾತು ಕೊಟ್ಟ.

ಕೊಟ್ಟ ಮಾತನ್ನು ಉಳಿಸಿಕೊಂಡ ಕೂಡ. ಮಗಳು ಪೂನಂ ಮದುವೆಯಲ್ಲಿ ಎಷ್ಟೋ ಮೊಬೈಲು, ಎರಡು ವಿಡಿಯೋ. ಈರವ್ವ ಅಕ್ಷತೆ ಹಾಕಿದವಳೇ ಅಡುಗೆಯವರ ನಡುವೆ ಮಾಯವಾದಳು. ತಪ್ಪಿಸಿಕೊಳ್ಳಲಾಗದ್ದು ಒಂದೇ, ಆಧಾರ್ ಕಾರ್ಡು. ಅದಕ್ಕೆ ಅವಳು ಸೆರಗನ್ನು ಹಣೆಯವರೆಗೆ ಎಳೆದು, ಸರಿಯಾಗಿ ಆ ಕ್ಷಣಕ್ಕೆ ಕಣ್ಣು ಮುಚ್ಚಿ ಕೂತಳು. ಆಧಾರ್ ಕಾರ್ಡಿನ ಫೋಟೋ ನೋಡಿ ತನ್ನ ಗುರುತು ತಾನು ಹಿಡಿದವರು ಈ ದೇಶದಲ್ಲಿ ಎಷ್ಟು ಜನ ಇದ್ದಾರೋ ತಿಳಿಯದು. ಈರವ್ವಳದಂತೂ ಒಂದು ಕರಿ ಮೋಡ. ಅವಳು ಹೋದ ಮೇಲೆ ಪೂನಂ ಅದನ್ನು ದೊಡ್ಡದು ಮಾಡಿಸಲು ಹೋಗಿ, ಬರೀ ಚುಕ್ಕೆಗಳು ಬಂದವೆಂದು ಅತ್ತಿದ್ದಳು.

ಈರವ್ವ ಹೋದದ್ದು ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ. ಪದ್ಧತಿಯಂತೆ ಕೂರಿಸಿದರು, ವಿಭೂತಿ ಹಚ್ಚಿದರು, ಹೂವಿನ ಮಾಲೆ ಹಾಕಿದರು. ಸೊಲ್ಲಾಪುರದಿಂದ ಬಂದ ಬೀಗರೊಬ್ಬರು ಮೊಬೈಲು ಎತ್ತಿದರು. ಗಿರಾಕಿಯ ಮುಂದೆ ಒಮ್ಮೆಯೂ ದನಿ ಏರಿಸದ ಬಸಲಿಂಗಪ್ಪ "ಒಬ್ಬರೂ ತಗೀಬ್ಯಾಡ್ರಿ!" ಎಂದು ಗುಡುಗಿದ್ದಕ್ಕೆ ಭಜನೆಯೇ ನಿಂತುಹೋಯಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು. ಕಲ್ಯಾಣದ ಅರ್ಧ ಜನರ ಗೋಡೆಗೆ ಫೋಟೋ ಕೊಟ್ಟವನ ಮನೆಯಲ್ಲಿ, ವರ್ಷದ ಕಾರ್ಯಕ್ಕೆ ದೀಪ ಮತ್ತು ವಿಭೂತಿ ಗಟ್ಟಿಯ ಹಿಂದೆ ಖಾಲಿ ಗೋಡೆ ಇತ್ತು.

ಅದನ್ನೂ ಅವನು ತಡೆದುಕೊಂಡ. ತಡೆಯಲಾಗದ ಸಂಗತಿ ಆಮೇಲೆ ಶುರುವಾಯಿತು. ಈರವ್ವಳ ಮುಖ ಅವನಿಗೆ ಮರೆಯತೊಡಗಿತು. ಮೊದಲು ಹುಬ್ಬು, ಆಮೇಲೆ ತುಟಿಯ ಅಂಚು. ಕಣ್ಣು ಮುಚ್ಚಿ ಕೂತು ಅವಳನ್ನು ಕರೆದರೆ ಸೀರೆ ಬರುತ್ತಿತ್ತು, ಸೆರಗು ಬರುತ್ತಿತ್ತು, ನಡುವೆ ಮುಖ ಇರಬೇಕಾದ ಜಾಗದಲ್ಲಿ ಬೆಳಕು ಬಿದ್ದ ಫಿಲ್ಮಿನ ಹಾಗೆ ಏನೂ ಇರುತ್ತಿರಲಿಲ್ಲ. ಮುಖಗಳನ್ನೇ ನಂಬಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು? ಯಾರಿಗೂ ಹೇಳಲಿಲ್ಲ. ಹೆಂಡತಿಯ ಮುಖ ಮರೆಯುತ್ತಿದೆ ಎಂದು ಯಾವ ಬಾಯಿಂದ ಹೇಳುವುದು? ಒಂದೇ ಒಂದು ಸಲ, ಬಾಗಿಲ ಸಂದಿಯಿಂದಾದರೂ ಕದ್ದು ಒಂದು ಫೋಟೋ ತೆಗೆದಿದ್ದರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅನ್ನಿಸಿದ ಕೂಡಲೇ ನಾಚಿಕೆಯಾಗುತ್ತಿತ್ತು.

ಇಂಥ ದಿನಗಳಲ್ಲೇ ಸ್ವರ್ಣಲತಾ ಅವನ ಮನೆ ಹುಡುಕಿಕೊಂಡು ಬಂದದ್ದು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ಉಡುಪಿ ಕಡೆಯ ಹೋಟೆಲಿನವರ ಮಗಳು. ಬೇಲಾಪುರದಲ್ಲಿ, ಖಾಡಿ ಎಂದು ಅಲ್ಲಿಯವರು ಕರೆಯುವ ಸಮುದ್ರದ ಹಿನ್ನೀರಿನ ಹತ್ತಿರ ಹೊಸದಾಗಿ ತೆರೆದ ಸಣ್ಣ ಸಂಗ್ರಹಾಲಯವೊಂದರಲ್ಲಿ ಪ್ರದರ್ಶನಗಳನ್ನು ಸಜ್ಜುಗೊಳಿಸುವ ಕೆಲಸ ಅವಳದು. ಚೀಲದಿಂದ ಒಂದು ಹಳೆಯ ಫೋಟೋ ತೆಗೆದು ಮುಂದಿಟ್ಟಳು. ಬಲಗಡೆಯ ಅಂಚಿಗೆ ಒತ್ತಿಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಗುವ ಕೂಸು.

"ಇದು ನಾನು ಅಂಕಲ್," ಅಂದಳು. "ನಮ್ಮಮ್ಮ ಹೇಳಿದ್ರು, ಕಲ್ಯಾಣದ ಬಸಲಿಂಗಪ್ಪ ತೆಗೆದದ್ದು ಅಂತ. ಈ ಸಲ ನಮ್ಮದು ದೊಡ್ಡ ಎಕ್ಸಿಬಿಷನ್ ಉಂಟು. ಒಂದು ಹಾಲಲ್ಲಿ ಖಾಡಿಯ ಹಕ್ಕಿ, ಗಿಡ. ಇನ್ನೊಂದರಲ್ಲಿ ಇಲ್ಲಿ ಬಂದು ನೆಲೆಸಿದವರ ಪಾತ್ರೆ, ಬಟ್ಟೆ, ದೇವರ ಸಾಮಾನು. ಮೂರನೆಯದ್ದು ರೈಲ್ವೆ ಲೈನಿನ ಹಳೇ ಸ್ಟುಡಿಯೋಗಳ ಫೋಟೋ. ನಿಮ್ಮ ಹತ್ತಿರ ನೆಗೆಟಿವ್ ಉಂಟಾ?"

ಇದ್ದವು. ಅಟ್ಟದ ಮೇಲೆ, ಬಿಸ್ಕತ್ತಿನ ಡಬ್ಬಿಗಳಲ್ಲಿ. ಬಸಲಿಂಗಪ್ಪ ಹಿರಿಹಿರಿ ಹಿಗ್ಗಿ ಅಷ್ಟನ್ನೂ ಇಳಿಸಿ ಕೊಟ್ಟ. ಅಲ್ಲೇ ಅವನು ಎಡವಿದ್ದು. ಅವನ ಕಾಲದ ಸ್ಟುಡಿಯೋದವರ ಪಾಲಿಗೆ ಫೋಟೋ ಎಂದರೆ ಕತ್ತರಿಸಿ, ಅಂಚು ತೀಡಿ, ಗಿರಾಕಿಯ ಕೈಗಿಡುವ ವಸ್ತು. ನೆಗೆಟಿವ್ ಎಂದರೆ ಹಿಟ್ಟು. ಹಿಟ್ಟನ್ನು ಯಾರಾದರೂ ತಟ್ಟೆಗೆ ಬಡಿಸುತ್ತಾರೆಯೇ? ಆದರೆ ಸಂಗ್ರಹಾಲಯದವರ ಪದ್ಧತಿ ಬೇರೆ. ಅವರು ನೆಗೆಟಿವನ್ನು ಇದ್ದದ್ದು ಇದ್ದಂತೆ, ನಾಲ್ಕೂ ಅಂಚು ಕಾಣುವ ಹಾಗೆ ಅಚ್ಚು ಹಾಕುತ್ತಾರೆ.

ಪ್ರದರ್ಶನ ತೆರೆಯುವ ಮುನ್ನಾದಿನ ಸ್ವರ್ಣಲತಾ ಅವನನ್ನು ಕರೆಸಿಕೊಂಡಳು. ಮಾಜಿವಾಡಾದಲ್ಲಿ ಸಂಸಾರ ಹೂಡಿದ್ದ ಪೂನಂ ಠಾಣೆ ಸ್ಟೇಷನ್ನಿನಲ್ಲಿ ಜೊತೆಯಾದಳು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ಮದುವಣಿಗನ ಹಾಗೆ ಹೊರಟಿದ್ದು ಕಂಡು ಅವಳಿಗೆ ನಗು. ಐರೋಲಿ ದಾಟುವಾಗ ಅವನು ಕಿಟಕಿಯಲ್ಲಿ ಇಣುಕಿ, "ಮೊದಲ ಈ ಕಡೆ ಉಪ್ಪಿನ ಮಡಿ ಇದ್ದವು. ನಿಮ್ಮವ್ವನ್ನ ಕರಕೊಂಡು ಬಂದಾಗ ಆಕಿ ಹತ್ತಿ ಒಣಗಹಾಕ್ಯಾರ ಅಂದಿದ್ದಳು," ಎಂದ. ಪೂನಂ ಈ ಕಥೆಯನ್ನು ಬಹಳ ಸಲ ಕೇಳಿದ್ದಳು. ಆದರೂ ಮೊದಲ ಸಲ ಕೇಳಿದಂತೆ ನಕ್ಕಳು.

ಮೊದಲ ಹಾಲಿನಲ್ಲಿ ಖಾಡಿ ಗೋಡೆ ತುಂಬ ಹರಡಿಕೊಂಡಿತ್ತು. ಕೆಸರಿನಲ್ಲಿ ನಿಂತ ಗುಲಾಬಿ ಬಣ್ಣದ ಫ್ಲೆಮಿಂಗೊಗಳು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರು, ಗಾಜಿನ ಪೆಟ್ಟಿಗೆಯಲ್ಲಿ ಏಡಿಗಳು. ಫ್ಲೆಮಿಂಗೊಗಳ ಮುಂದೆ ಬಸಲಿಂಗಪ್ಪ ಬಹಳ ಹೊತ್ತು ನಿಂತ. ಇಷ್ಟು ಸುಮ್ಮನೆ ನಿಂತ ಗಿರಾಕಿಗಳು ತನಗೆ ಎಂದೂ ಸಿಗಲಿಲ್ಲವಲ್ಲ ಎಂದು ಅವನಿಗೆ ಹೊಟ್ಟೆಕಿಚ್ಚು.

ಎರಡನೆಯ ಹಾಲಿನಲ್ಲಿ ಕೋಳಿಗರೆಂಬ ಮೀನುಗಾರರ ಬಲೆ, ಅಲ್ಲಿನ ಆಗ್ರಿ ಜನರ ಮದುವಣಗಿತ್ತಿಯ ಬೆಳ್ಳಿ, ಉಡುಪಿ ಕಡೆಯ ತೂಗುದೀಪ, ಒಂದು ಬೀಸುಕಲ್ಲು. ಬೀಸುಕಲ್ಲಿನ ಸುತ್ತ ಹಗ್ಗ ಕಟ್ಟಿ, ಮುಟ್ಟಬಾರದು ಎಂದು ಬರೆದಿದ್ದರು. ಅವರ ಚಾಳಿನಲ್ಲಿ ಅಂಥದೇ ಕಲ್ಲು ಸಾರ್ವಜನಿಕ ನಲ್ಲಿಯ ಹತ್ತಿರ ಬಿದ್ದಿತ್ತು. ಹೆಂಗಸರು ಅದರ ಮೇಲೆ ಕೊಡ ಇಡುತ್ತಿದ್ದರು, ಹುಡುಗರು ಕೂತು ಕಾಲು ತಿಕ್ಕುತ್ತಿದ್ದರು. ಇಲ್ಲಿ ಅದಕ್ಕೆ ಪ್ರತ್ಯೇಕ ದೀಪ ಬೇರೆ. ಯಾರಿಗೆ ಯಾವಾಗ ಗೌರವ ಬರುತ್ತದೆಂದು ಹೇಳಲಾಗುವುದಿಲ್ಲ ಎಂದು ಬಸಲಿಂಗಪ್ಪ ಅಂದುಕೊಂಡ. ಅವನ ಎದೆಯೊಳಗೆ ಮೂರನೆಯ ಹಾಲಿನ ಆಸೆ ಹಾರಾಡುತ್ತಿತ್ತು.

ಮೂರನೆಯ ಹಾಲಿನಲ್ಲಿ ಫೋಟೋಗಳಿಗೆ ಇನ್ನೂ ಚೌಕಟ್ಟು ಹಾಕಿರಲಿಲ್ಲ. ಆಳೆತ್ತರದ ಕಾಗದಗಳು ಉದ್ದನೆಯ ಮೇಜುಗಳ ಮೇಲೆ ಹಾಸಿದ್ದವು. ಬಸಲಿಂಗಪ್ಪ ನಗುತ್ತ ಒಳಗೆ ಕಾಲಿಟ್ಟವನು ಮೊದಲ ಮೇಜಿನ ಮುಂದೆ ಹಾಗೇ ನಿಂತುಬಿಟ್ಟ.

ಪ್ರತಿ ಕೂಸಿನ ಬಲಕ್ಕೂ ಪರದೆಯ ಸೀಳಿನಿಂದ ಒಂದು ಕೈ ಹೊರಬಂದಿತ್ತು. ಒಂದರಲ್ಲಿ ಬೆನ್ನಿಗೆ ಆತಿದ್ದ ಅಂಗೈ. ಒಂದರಲ್ಲಿ ಕಂಕುಳಿಗೆ ಕೊಟ್ಟ ಎರಡು ಬೆರಳು. ಕೆಟ್ಟುಹೋಯಿತೆಂದು ಅವನು ಎಂದೂ ಅಚ್ಚು ಹಾಕದೆ ಬಿಟ್ಟಿದ್ದ ಒಂದು ನೆಗೆಟಿವನ್ನೂ ಇವರು ದೊಡ್ಡದು ಮಾಡಿದ್ದರು: ಮುಂದಕ್ಕೆ ಮುಗ್ಗರಿಸಿದ ಕೂಸಿನ ಹೊಟ್ಟೆಗೆ ಐದೂ ಬೆರಳು ಅಗಲಿಸಿ ಅಡ್ಡ ಹಿಡಿದ ಕೈ.

"ಅಪ್ಪಾ," ಪೂನಂ ಅವನ ತೋಳು ಹಿಡಿದು ಮರಾಠಿ ಬೆರೆಸಿ ಕೂಗಿದಳು. "ಹಾ ತರ್ ಅವ್ವಚಾ ಹಾತ ಆಹೇ! ಅವ್ವನ ಕೈ!"

"ತಂಗಿ," ಬಸಲಿಂಗಪ್ಪ ಸ್ವರ್ಣಲತಾಳ ಕಡೆ ತಿರುಗಿದ. "ಇವನ್ನ ಹಾಕಬ್ಯಾಡ್ರಿ. ಇವು ಫೋಟೋ ಅಲ್ಲ. ನನ್ನ ಸ್ಟುಡಿಯೋದಿಂದ ಇಂಥಾವು ಎಂದೂ ಹೊರಗ ಹೋಗಿಲ್ಲ. ನಾ ಮಾತು ಕೊಟ್ಟೇನಿ."

ಯಾರಿಗೆ, ಏನು ಮಾತು ಎಂದು ಅವಳು ಕೇಳಿದಳು. ಅವನು ಹೇಳಿದ. ಹೇಳುತ್ತ ಹೇಳುತ್ತ ಪಡಸಾಲೆಯಲ್ಲಿ ತೂಗುಬಿದ್ದ ಹೆಣದ ಫೋಟೋ, ಲಿಂಗ ಮುಟ್ಟಿದ್ದು, ಎಲ್ಲ ಬಂತು.

"ನೀವು ಹೇಳಿದ ಹಾಗೆಯೇ ಮಾಡುವ ಅಂಕಲ್," ಅಂದಳು ಸ್ವರ್ಣಲತಾ. "ಬೇಡ ಅಂದ್ರೆ ಕತ್ತರಿಸುವ, ತೊಂದ್ರೆ ಇಲ್ಲ. ಆದ್ರೆ ಒಂದು ಮಾತು. ಈ ಹೊಟ್ಟೆಗೆ ಕೈ ಅಡ್ಡ ಹಿಡಿದದ್ದು ಉಂಟಲ್ಲ, ಈ ಕೂಸು ನಾನೇ, ನಾನು ತೋರಿಸಿದ ಫೋಟೋದ ಪಕ್ಕದ ನೆಗೆಟಿವ್ ಇದು. ಆ ಕೈ ಇಲ್ಲದಿದ್ರೆ ಆವತ್ತು ನನ್ನ ಮೂತಿ ಜಜ್ಜಿ ಹೋಗ್ತಿತ್ತು."

"ಅಪ್ಪಾ, ರಾಹೂ ದ್ಯಾ ನಾ," ಪೂನಂ ಅಳುತ್ತಿದ್ದಳು. "ಇರಲಿ ಬಿಡು. ಆಜಿ ಹೆಂಗಿದ್ದಳು ಅಂತ ನನ್ನ ಮಗಳು ಕೇಳತಾಳ. ಏನು ತೋರಸಲಿ? ಇದೊಂದ ಇರಲಿ. ಮನ್ಯಾಗ ಹಾಕೂಣ, ಹಾರ ಹಾಕೂಣ."

ಬೇಕೆಂದು ಬಸಲಿಂಗಪ್ಪನ ಕರುಳೂ ಕೂಗುತ್ತಿತ್ತು. ಎರಡು ವರ್ಷದಿಂದ ಅವನು ಹುಡುಕುತ್ತಿದ್ದದ್ದು ಮೇಜಿನ ತುಂಬ ಹಾಸಿತ್ತು. ಆದರೆ ಸತ್ತವಳಿಗೆ ಕೊಟ್ಟ ಮಾತು ಬದುಕಿದ್ದವಳಿಗೆ ಕೊಟ್ಟ ಮಾತಿಗಿಂತ ಭಾರ. ಅವಳು ಎದ್ದು ಬಂದು ಬಿಟ್ಟುಕೊಡುವ ಹಾಗಿಲ್ಲ. ತನಗೆ ಬೇಕೆಂಬ ಒಂದೇ ಕಾರಣಕ್ಕೆ ಮಾತು ಮುರಿದರೆ, ಇಷ್ಟು ವರ್ಷ ಅದನ್ನು ಉಳಿಸಿಕೊಂಡದ್ದಕ್ಕೆ ಅರ್ಥವೇನು ಬಂತು?

"ಕಟರ್ ಕೊಡ್ರಿ," ಅಂದ. "ಸ್ಕೇಲ್ ಕೊಡ್ರಿ. ನಾನ ಕತ್ತರಸತೇನಿ. ಬೇರೆದವರು ಬ್ಯಾಡ."

ಪೂನಂ ಮುಖ ತಿರುಗಿಸಿಕೊಂಡಳು. ಸ್ವರ್ಣಲತಾ ತಂದುಕೊಟ್ಟಳು. ಬಸಲಿಂಗಪ್ಪ ಕನ್ನಡಕ ಸರಿಮಾಡಿಕೊಂಡು ಆ ಮುಗ್ಗರಿಸಿದ ಕೂಸಿನ ಫೋಟೋದ ಮೇಲೆ ಬಾಗಿ, ಉಕ್ಕಿನ ಸ್ಕೇಲನ್ನು ಇಟ್ಟ. ಅಂಗೈ ಕೂಸಿನ ಹೊಟ್ಟೆಯ ಮೇಲಿತ್ತು, ಅದನ್ನು ಬಿಡಿಸುವಂತಿರಲಿಲ್ಲ. ಕತ್ತರಿಸಿದರೆ ಮಣಿಕಟ್ಟಿನ ಮೇಲೆಯೇ ಕತ್ತರಿಸಬೇಕು. ಹಿಂದೆ ಆ ಪುಟ್ಟ ಫೋಟೋಗಳಲ್ಲಿ ಮಣಿಕಟ್ಟು ಎಂದರೆ ಒಂದು ಬೆಂಕಿಕಡ್ಡಿಯಷ್ಟು. ಮಾತನಾಡುತ್ತ, ಚಹಾ ಕುಡಿಯುತ್ತ ಕತ್ತರಿಸುತ್ತಿದ್ದ. ಇಲ್ಲಿ ಅದು ಕೈಯಷ್ಟೇ ದೊಡ್ಡ ಕೈ. ಬಳೆಗಳು ಕಪ್ಪಾಗಿ ಬಿದ್ದಿದ್ದರೂ ಅವು ಹಸಿರು ಎಂದು ಅವನಿಗೆ ಗೊತ್ತು. ಹೆಬ್ಬೆರಳಿನ ಬುಡದಲ್ಲಿ ಎಣ್ಣೆ ಸಿಡಿದ ಕಲೆ. ಉಗುರಿನ ಸಂದಿಯಲ್ಲಿ ಬೆಳಿಗ್ಗೆ ತಟ್ಟಿದ ರೊಟ್ಟಿಯ ಹಿಟ್ಟು, ತೊಳೆದರೂ ಉಳಿದದ್ದು.

ಅವನು ಬ್ಲೇಡನ್ನು ಇಳಿಸಿದ. ಬ್ಲೇಡಿನ ತುದಿ ಮಣಿಕಟ್ಟನ್ನು ತಾಗಿತು.

"ಲಗೂ ತಗೀರಿ ಮಾರಾಯಾ!"

ಪರದೆಯ ಹಿಂದಿನಿಂದ, ಅಡಗಿಸಿದ ದನಿ. "ಕೈ ಜೋಮು ಹಿಡದೈತಿ. ಇದು ಬ್ಯಾರೆ ನನ್ನ ಮ್ಯಾಲ ಉಚ್ಚಿ ಹೊಯ್ದೈತಿ. ನೀವು ಅಲ್ಲಿ ಬೆಳಕು ನೋಡಕೋತ ನಿಂದರ್ರಿ!"

ಅದು ಅವತ್ತಿನದೇ ಮಾತು. ಕೂಸು ಮುಗ್ಗರಿಸಿದ್ದು, ಅವಳು ಬೈದದ್ದು, ತಾಯಿ ಹೌಹಾರಿದ್ದು, ಅವನಿಗೆ ನಗು ತಡೆಯಲಾರದೆ ಕ್ಯಾಮೆರಾ ಅಲುಗಿದ್ದು. ಆಮೇಲೆ ಈರವ್ವ ಸೀಳಿನಿಂದ ತಲೆ ಹೊರಹಾಕಿದ್ದಳು. ಹಾಕಿದಳು, ಈಗಲೂ ಹಾಕಿದಳು. ಸೆಖೆಗೆ ಕೆಂಪೇರಿದ ಮುಖ, ಹಣೆಗೆ ಅಂಟಿದ ಕೂದಲು, ವಿಭೂತಿ ಅರ್ಧ ಅಳಿಸಿ ಹುಬ್ಬಿನ ಮೇಲೆ ಇಳಿದದ್ದು, ಸಿಟ್ಟು ಮಾಡಲು ಹೋಗಿ ಸೋತು ಎಡಗಡೆ ಮಾತ್ರ ಮೇಲೇರಿದ ತುಟಿ. ಒಂದು ರೇಖೆಯೂ ಮಾಸಿರಲಿಲ್ಲ. ಎರಡು ವರ್ಷ ಕರೆದರೂ ಬಾರದ ಮುಖ ಬೈಯುತ್ತ ಬಂದು ಎದುರಿಗೆ ನಿಂತಿತು.

ಬಸಲಿಂಗಪ್ಪನಿಗೆ ಕಣ್ಣು ಮಂಜಾಗಿ ಸ್ಕೇಲು ಕಾಣಲಿಲ್ಲ. ಕಟರನ್ನು ಮೇಜಿನ ಮೇಲಿಟ್ಟು, ಎರಡೂ ಕೈಯೂರಿ ನಿಂತು ಅತ್ತ. ಮಗಳು ಬಂದು ಬೆನ್ನು ಸವರಿದಳು.

"ಮಾರಿ ನೆನಪಾತು ಪೂನಂ," ಅಂದ. "ನಿಮ್ಮವ್ವನ ಮಾರಿ ನನಗ ಮರತು ಹೋಗಿತ್ತು. ಹೇಳಿರಲಿಲ್ಲ ನಿನಗ."

ಸ್ವರ್ಣಲತಾ ಮೆಲ್ಲನೆ ಕೇಳಿದಳು: "ಹಾಗಾದ್ರೆ ಎಂತ ಮಾಡುವ ಅಂಕಲ್?"

ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ಇರಲಿ, ತಂಗಿ. ಆಕಿ ಬ್ಯಾಡಂದದ್ದು ಜೀವಂತ ಮಾರಿ ಮರಸೂ ಅಂಥಾ ಫೋಟೋ. ಇದು ಹಂಗಲ್ಲ." ಪೂನಂ ಕಡೆ ತಿರುಗಿದ. "ಆದರ ಹಾರ ಹಾಕೂದಿಲ್ಲ. ಹಾರ ಹಾಕಿದರ ಸತ್ತಂಗ. ಈ ಕೈ ಇನ್ನೂ ಕೂಸು ಹಿಡದೈತಿ."

ಇಷ್ಟು ಹೇಳಿದರೂ ಅವನಿಗೆ ಸಮಾಧಾನವಿಲ್ಲ. ಅವಳಿಗಲ್ಲದೆ ಬೇರೆಯವರಿಗೆ ಕಾರಣ ಹೇಳಿ ಏನು ಪ್ರಯೋಜನ? ಮಗಳೂ ಸ್ವರ್ಣಲತಾಳೂ ನೋಡುತ್ತಿದ್ದಂತೆ ಅವನು ಮತ್ತೆ ಫೋಟೋದ ಮೇಲೆ ಬಾಗಿದ. ತನ್ನ ಮುದಿ ಅಂಗೈಯನ್ನು ಆ ಅಂಗೈಯ ಪಕ್ಕದಲ್ಲೇ, ಕೂಸು ಬೀಳದ ಹಾಗೆ ಹಿಡಿದವನಂತೆ ಇಟ್ಟು, ಪರದೆಯ ಸೀಳಿನ ಕಡೆ ಮುಖ ಮಾಡಿ ಹೇಳಿದ:

"ಮಾತು ಮುರದೇನಿ. ಬೈಯೂದಿದ್ದರ ಬೈ. ನಿನ್ನ ಬಾಯಿಲೆ ಬೈಸಿಕೊಂಡು ಬಾಳ ದಿನಾತು."